ಬೆಳೆ ಇನ್ನೆಷ್ಟು ದಿನ ತಡೆಯುತ್ತದೆ? ಮಳೆ ಕೈಕೊಟ್ಟಾಗ ಒಣಬೇಸಾಯದ ಲೆಕ್ಕ

ಮಳೆ ಬಂದು ಹತ್ತು ಹನ್ನೆರಡು ದಿನ ಕಳೆದಿರುವಾಗ, ನಡುಮಧ್ಯಾಹ್ನ, ಕೆಂಪು ಮಣ್ಣಿನ ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಎಲೆಗಳು ಸುರುಳಿ ಸುತ್ತಿಕೊಂಡು ಸೂಜಿಯ ಹಾಗೆ ನಿಂತಿರುತ್ತವೆ. ಅನುಭವಸ್ಥ ರೈತ ಅಷ್ಟಕ್ಕೇ ಗಾಬರಿಯಾಗುವುದಿಲ್ಲ. ಬಿಸಿಲು ಇಳಿದ ಮೇಲೆ ಇನ್ನೊಂದು ಸಲ ಬಂದು ನೋಡುತ್ತಾನೆ. ಎಲೆ ಬಿಚ್ಚಿಕೊಂಡಿದ್ದರೆ ಬೇರಿಗೆ ಇನ್ನೂ ನೀರು ಸಿಗುತ್ತಿದೆ ಎಂದರ್ಥ. ಮಾರನೆಯ ಬೆಳಗ್ಗೆಯೂ ಬಿಚ್ಚದಿದ್ದರೆ ಮಣ್ಣಲ್ಲಿ ಪಸೆ ಮುಗಿಯುತ್ತಾ ಬಂದಿದೆ. ಆ ದಿನಗಳಲ್ಲಿ ಹಳ್ಳಿಯ ಟೀ ಅಂಗಡಿಯಲ್ಲಿ, ಡೈರಿ ಮುಂದೆ, ಮನೆಯ ಜಗಲಿಯಲ್ಲಿ ಓಡಾಡುವ ಮಾತು ಒಂದೇ: "ಇನ್ನೆಷ್ಟು ದಿನ ತಡೀತದೆ?"

2023ರಲ್ಲಿ ಈ ಪ್ರಶ್ನೆ ಕರ್ನಾಟಕದ ಹೆಚ್ಚುಕಡಿಮೆ ಎಲ್ಲ ತಾಲ್ಲೂಕುಗಳಲ್ಲೂ ಕೇಳಿಬಂತು. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ದೇಶದಲ್ಲಿ ಆ ತಿಂಗಳ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಯಿತು. ರಾಜ್ಯದಲ್ಲಂತೂ ವಾಡಿಕೆಯ ಕಾಲುಭಾಗದ ಆಸುಪಾಸು ಮಾತ್ರ ಬಿತ್ತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಗರದವರಿಗೆ ಬರದ ಬಿಸಿ ತಟ್ಟಿದ್ದು ಮುಂದಿನ ಬೇಸಿಗೆಯಲ್ಲಿ, ನಲ್ಲಿ ನಿಂತಾಗ. ರೈತರಿಗೆ ಅದು ತಟ್ಟಿದ್ದು ಅದಕ್ಕೆ ಆರು ತಿಂಗಳು ಮುಂಚೆಯೇ.

ಇಂಥ ವರ್ಷಗಳನ್ನು ಒಣಬೇಸಾಯದ ಕುಟುಂಬಗಳು ಹೇಗೆ ಎದುರಿಸುತ್ತವೆ? ಅವರು ಮಾಡುವ ಒಂದೊಂದು ಉಪಾಯವನ್ನೂ "ಎಷ್ಟು ದಿನ ತಡೆಯುತ್ತದೆ" ಎಂಬ ಅಳತೆಗೋಲಿಗೆ ಹಿಡಿದು ನೋಡಿದರೆ ಎಲ್ಲವೂ ಅರ್ಥವಾಗುತ್ತದೆ.

ಬರ ಎಂದರೆ ಯಾವುದಕ್ಕೆ?

ಮಳೆ ಕಡಿಮೆಯಾದರೆ ಬರ ಎನ್ನುವುದು ಸಾಮಾನ್ಯ ತಿಳಿವಳಿಕೆ. ಇದರಲ್ಲಿ ಮೂರು ಬಗೆ ಉಂಟು. ವಾಡಿಕೆಗಿಂತ ಮಳೆ ತೀರಾ ಕಡಿಮೆಯಾದರೆ ಅದು ಹವಾಮಾನದ ಬರ. ಕೆರೆ, ಹೊಳೆ, ಅಂತರ್ಜಲ ಬತ್ತಿದರೆ ಜಲಮೂಲಗಳ ಬರ. ಬೆಳೆಗೆ ಬೇಕಾದ ಹೊತ್ತಿನಲ್ಲಿ ಮಣ್ಣಿನಲ್ಲಿ ತೇವ ಇಲ್ಲದಿದ್ದರೆ ಅದು ಕೃಷಿಯ ಬರ. ಮೂರೂ ಒಟ್ಟಿಗೆ ಬರಲೇಬೇಕೆಂದಿಲ್ಲ. ವರ್ಷದ ಒಟ್ಟು ಮಳೆ ವಾಡಿಕೆಯಷ್ಟೇ ಬಿದ್ದರೂ, ಹೂ ಬಿಡುವ ಸಮಯಕ್ಕೆ ಇಪ್ಪತ್ತು ದಿನ ಮಳೆ ಇಲ್ಲದೆ ಹೋದರೆ ಆ ಬೆಳೆಯ ಪಾಲಿಗೆ ಅದು ಬರಗಾಲವೇ.

ಬರ ಘೋಷಿಸುವಾಗ ಸರ್ಕಾರ ಒಟ್ಟು ಮಳೆಯ ಕೊರತೆಯನ್ನಷ್ಟೇ ನೋಡದೆ "ಒಣ ಅವಧಿ"ಯನ್ನೂ ನೋಡುವುದು ಇದಕ್ಕಾಗಿಯೇ. ಸತತ ಮೂರು ನಾಲ್ಕು ವಾರ ವಾಡಿಕೆಯ ಅರ್ಧದಷ್ಟೂ ಮಳೆ ಬೀಳದಿದ್ದರೆ ಅದು ಒಣ ಅವಧಿ. ಜೊತೆಗೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟು ಕಾಣುತ್ತಿದೆ, ಮಣ್ಣಲ್ಲಿ ತೇವ ಎಷ್ಟಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಕೊನೆಗೆ ಹೊಲಕ್ಕೇ ಹೋಗಿ ಪರಿಶೀಲಿಸುತ್ತಾರೆ. ಕರ್ನಾಟಕದಲ್ಲಿ ಇದನ್ನು ಗಮನಿಸಲೆಂದೇ 1988ರಲ್ಲಿ ಬರ ನಿರ್ವಹಣೆಯ ಒಂದು ಘಟಕ ಶುರುವಾಯಿತು. ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆದು ವರದಿ ಕಳಿಸುವ ಮಾಪಕಗಳನ್ನು ಅದು ಇಟ್ಟಿದೆ. ಊರಿನ ಮೂಡಲ ಹೊಲಕ್ಕೆ ಮಳೆ ಬಂದು ಪಡುವಲ ಹೊಲಕ್ಕೆ ಬಾರದಿರುವ ನಾಡಿನಲ್ಲಿ ತಾಲ್ಲೂಕಿಗೊಂದು ಮಾಪಕ ಸಾಲುವುದಿಲ್ಲ.

ಮಣ್ಣು ಎಂಬ ಕೊಡ

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಇದೊಂದು ತಿಳಿದರೆ ಮುಂದಿನದೆಲ್ಲ ಸಲೀಸು.

ಹೊಲದ ಮಣ್ಣನ್ನು ಒಂದು ಕೊಡ ಎಂದುಕೊಳ್ಳಿ. ಮಳೆ ಬಂದಾಗ ಅದು ತುಂಬುತ್ತದೆ, ಬಿಸಿಲು ಮತ್ತು ಬೆಳೆ ಅದನ್ನು ದಿನದಿನವೂ ಖಾಲಿ ಮಾಡುತ್ತವೆ. ಎದೆಮಟ್ಟ ಬೆಳೆದ ಪೈರು, ನೆಲದಿಂದ ಆವಿಯಾಗುವುದೂ ಸೇರಿ, ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬಳಸುತ್ತದೆ. ಎಳೆಯ ಪೈರಿಗೆ ಇದರ ಅರ್ಧ ಸಾಕು.

ಕೊಡ ಎಷ್ಟು ದೊಡ್ಡದು ಎನ್ನುವುದು ಮಣ್ಣಿನ ಮೇಲೆ ನಿಂತಿದೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಮರಳುಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳದಲ್ಲಿ ಬೇರಿಗೆ ಸಿಗುವಂತೆ ಹಿಡಿದಿಡುವುದು ಅಂದಾಜು 100 ಮಿಲಿಮೀಟರ್ ನೀರು. ಆದರೆ ಅಲ್ಲಿ ಎಷ್ಟೋ ಕಡೆ ಅರ್ಧ ಮೀಟರ್ ಅಗೆಯುವಷ್ಟರಲ್ಲಿ ಗಟ್ಟಿ ನೆಲ ಸಿಗುತ್ತದೆ. ಅಂದರೆ ಕೊಡದಲ್ಲಿರುವುದು 50 ಮಿಲಿಮೀಟರ್, ದಿನಕ್ಕೆ 5ರಂತೆ ಹತ್ತು ದಿನದ ಬಾಬತ್ತು. ಕೊಡ ಅರ್ಧ ಖಾಲಿಯಾಗುವ ಹೊತ್ತಿಗೇ ಪೈರು ಸೊರಗಲು ಶುರುವಾಗುತ್ತದೆ. ಮೊದಲು ಹೇಳಿದ ರಾಗಿ ಎಲೆ ಹತ್ತು ಹನ್ನೆರಡನೆಯ ದಿನಕ್ಕೆ ಸುರುಳಿ ಸುತ್ತುವುದಕ್ಕೆ ಇದೇ ಕಾರಣ.

ಈಗ ವಿಜಯಪುರ, ಗದಗ, ರಾಯಚೂರಿನ ಆಳವಾದ ಎರೆಭೂಮಿಗೆ, ಅಂದರೆ ಕಪ್ಪು ಮಣ್ಣಿನ ನೆಲಕ್ಕೆ ಬನ್ನಿ. ಅದರ ಜೇಡಿ ಕಣಗಳು ತೀರಾ ನುಣುಪು, ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಒಂದು ಮೀಟರ್‌ಗೆ ಅಂದಾಜು 200 ಮಿಲಿಮೀಟರ್. ಒಮ್ಮೆ ತುಂಬಿತೆಂದರೆ ನಲವತ್ತು ದಿನ, ಚಳಿಗಾಲದಲ್ಲಿ ಅದಕ್ಕಿಂತಲೂ ಹೆಚ್ಚು. ವಿಜಯಪುರದ ರೈತ ಮುಂಗಾರಿನಲ್ಲಿ ಹೊಲವನ್ನು ಹರಗಿ ಖಾಲಿ ಬಿಟ್ಟು, ನೀರು ಕುಡಿಸಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಿಳಿಜೋಳ ಬಿತ್ತುತ್ತಾನೆ. ಆಮೇಲೆ ಹನಿ ಮಳೆ ಬೀಳದಿದ್ದರೂ ನೆಲದ ಹಸಿ ಮತ್ತು ಇಬ್ಬನಿಯ ಮೇಲೆಯೇ ಜೋಳ ತೆನೆ ಕಟ್ಟುವುದುಂಟು. ಹೊರಗಿನವರಿಗೆ ಸೋಜಿಗವಾಗಿ ಕಾಣುವ ಈ ಬೇಸಾಯದ ಗುಟ್ಟು ಆ ದೊಡ್ಡ ಕೊಡ.

ಇನ್ನು ರೈತನ ಕೈಯಲ್ಲಿರುವುದು ಮೂರು ದಾರಿ: ಕೊಡವನ್ನು ದೊಡ್ಡದು ಮಾಡುವುದು, ಬಿದ್ದ ಮಳೆಯೆಲ್ಲ ಕೊಡದೊಳಗೇ ಬೀಳುವಂತೆ ನೋಡಿಕೊಳ್ಳುವುದು, ಕಡಿಮೆ ಕುಡಿಯುವ ಬೆಳೆ ಇಡುವುದು. ಹಳೇ ಮೈಸೂರು ಸೀಮೆಯಲ್ಲಿ ಬೇಸಿಗೆ ಬಂದರೆ ಕೆರೆಯ ಗೋಡನ್ನು (ಹೂಳುಮಣ್ಣನ್ನು) ಗಾಡಿಯಲ್ಲಿ, ಈಗ ಟ್ರ್ಯಾಕ್ಟರ್‌ನಲ್ಲಿ, ಹೊಲಕ್ಕೆ ಹೊಡೆಯುವುದು ಮೊದಲನೆಯ ದಾರಿ. ಗೋಡಿನಲ್ಲಿ ಜೇಡಿ ಇದೆ, ಅದು ಮರಳು ಮಣ್ಣಿಗೆ ನೀರು ಹಿಡಿಯುವ ಗುಣ ಕೊಡುತ್ತದೆ. ಕೊಟ್ಟಿಗೆ ಗೊಬ್ಬರದ ಕೆಲಸವೂ ಅಷ್ಟೇ. ರೈತರು ಇದನ್ನು ಫಲವತ್ತತೆಗೆಂದು ಮಾತ್ರ ಹಾಕುತ್ತಾರೆ ಎಂದುಕೊಂಡವರು ಬಹಳ ಮಂದಿ. ಎರಡು ದಿನ ಹೆಚ್ಚಿಗೆ ತಡೆದರೆ ಅದೇ ದೊಡ್ಡ ಲಾಭ.

ಮಳೆಯ ನಡತೆ ಬದಲಾದದ್ದು

ಬರ ನಮ್ಮ ನಾಡಿಗೆ ಹೊಸದಲ್ಲ. 1876–78ರ ಮಹಾಕ್ಷಾಮಕ್ಕೆ ಮುಂಚೆ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಜನಗಣತಿಯಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ಹಾಗಾದರೆ ಈಗ ಹೊಸದೇನು?

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಇದರಿಂದ ಎರಡು ಪರಿಣಾಮ. ಸುರಿದರೆ ಒಮ್ಮೆಗೇ ಜೋರಾಗಿ ಸುರಿಯುವ ಮಳೆ ಹೆಚ್ಚುತ್ತದೆ. ಸುರಿಯದ ದಿನಗಳಲ್ಲಿ ಬಾಯಾರಿದ ಗಾಳಿ ಮಣ್ಣಿನ ಪಸೆಯನ್ನು ಇನ್ನಷ್ಟು ಬೇಗ ಹೀರುತ್ತದೆ. ನಮ್ಮ ಕೊಡದ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ: ಒಂದೇ ಸಂಜೆ 80 ಮಿಲಿಮೀಟರ್ ಸುರಿದರೆ 50ರ ಕೊಡದಲ್ಲಿ ನಿಲ್ಲುವುದು 50 ಮಾತ್ರ. ಅದೂ ಇಂಗಲು ಪುರಸೊತ್ತು ಸಿಕ್ಕರೆ. ಉಳಿದದ್ದು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಅದೇ 80 ನಾಲ್ಕು ಸಲ ಇಪ್ಪತ್ತಿಪ್ಪತ್ತರಂತೆ, ವಾರಕ್ಕೊಂದರಂತೆ ಬಿದ್ದಿದ್ದರೆ ತಿಂಗಳಿಡೀ ಎಳೆಯ ಪೈರು ತಲೆ ಎತ್ತಿ ನಿಂತಿರುತ್ತಿತ್ತು. ಅಂಕಿಅಂಶದ ಪುಸ್ತಕದಲ್ಲಿ ಎರಡೂ 80 ಮಿಲಿಮೀಟರೇ.

ಶಾಂತ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. 2023 ಅಂಥ ವರ್ಷ. ಪ್ರತಿ ಎಲ್ ನಿನೊದಲ್ಲೂ ಬರ ಬಂದೇ ತೀರುತ್ತದೆ ಎಂದೇನಿಲ್ಲ, ಆದರೆ ಏಪ್ರಿಲ್ ಮೇ ತಿಂಗಳಲ್ಲೇ ಆ ಸುದ್ದಿ ಬಂದರೆ ರೈತ ಬೀಜದ ಆಯ್ಕೆಯಲ್ಲಿ ಹುಷಾರಾಗಬಹುದು.

ನಕ್ಷತ್ರದ ಮಳೆ ಮತ್ತು ಬಿತ್ತನೆಯ ತಾರೀಖು

ನಮ್ಮವರು ಮಳೆಯನ್ನು ನಕ್ಷತ್ರದ ಹೆಸರಲ್ಲಿ ಎಣಿಸುತ್ತಾರೆ. ಒಂದೊಂದು ಮಳೆಗೆ ಹೆಚ್ಚುಕಡಿಮೆ ಹದಿನಾಲ್ಕು ದಿನ. ರೋಹಿಣಿ ಮೇ ಕೊನೆಗೆ, ಆರಿದ್ರಾ ಜೂನ್ ಕೊನೆಗೆ, ಮಘೆ ಆಗಸ್ಟ್ ನಡುವೆ. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಎಂಬ ಗಾದೆ ಬಿತ್ತನೆಯ ಕ್ಯಾಲೆಂಡರ್ ಇದ್ದ ಹಾಗೆ. ಮಳೆಯ ವಾಯಿದೆ ತಪ್ಪಿದಾಗ ಈ ಕ್ಯಾಲೆಂಡರಿಗೆ ತಿದ್ದುಪಡಿ ಬೇಕಾಗುತ್ತದೆ. ಅದನ್ನು ಮಾಡಿಕೊಡುವುದು ತಳಿಗಳು.

ರಾಗಿಯನ್ನೇ ತೆಗೆದುಕೊಳ್ಳಿ. ಎಲ್ಲ ರಾಗಿಯೂ ಒಂದೇ ಸಮಯಕ್ಕೆ ಕೊಯ್ಲಿಗೆ ಬರುವುದಿಲ್ಲ. ಎಂಆರ್-6ರಂಥ ದೀರ್ಘಾವಧಿ ತಳಿಗೆ ನಾಲ್ಕು ತಿಂಗಳ ಮೇಲೆ ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28ಕ್ಕೆ ಸುಮಾರು 110–115 ದಿನ. ಬೆಂಕಿರೋಗವನ್ನೂ ತಡೆದುಕೊಳ್ಳುವ ಕಾರಣ ಅದು ಮನೆಮಾತಾಯಿತು. ಜಿಪಿಯು-48 ನೂರು ದಿನದೊಳಗೆ ಮುಗಿಯುತ್ತದೆ. ಜುಲೈನಲ್ಲಿ ಹದ ಮಳೆ ಬಂದರೆ ದೀರ್ಘಾವಧಿಯದು, ಆಗಸ್ಟ್ ಬಂದರೆ ಮಧ್ಯಮ, ಆಗಸ್ಟ್ ಮುಗಿಯುತ್ತಾ ಬಂದರೆ ಅಲ್ಪಾವಧಿಯದು, ಅದೂ ಮೀರಿತೆಂದರೆ ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲುವುದು. ಹುರುಳಿ ಕೊನೆಗೆ ಕಾಳಾಗದಿದ್ದರೂ ದನಕ್ಕೆ ಮೇವಾಗುತ್ತದೆ. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಂಥ ಆಯ್ಕೆಗಳ ಬಾಗಿಲು ತೆರೆಯಿತು. ರಾಗಿ ತಿನ್ನುವ ಮನೆಗಳು ಅವರನ್ನು ಇನ್ನಷ್ಟು ನೆನೆಯಬೇಕು.

ತಳಿಗಿಂತ ಹಳೆಯ ಉಪಾಯ ಅಕ್ಕಡಿ ಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆ. ನಡುನಡುವೆ ಅಲಸಂದೆ, ಹುಚ್ಚೆಳ್ಳು, ಸುತ್ತ ಬದುವಿಗೆ ಹರಳು. ರಾಗಿಯ ಬೇರು ಮೇಲ್ಪದರದ ನೀರು ಕುಡಿದರೆ ತೊಗರಿಯ ತಾಯಿಬೇರು ಆಳಕ್ಕಿಳಿದು ಅಲ್ಲಿಯದನ್ನು ಎಳೆದುಕೊಳ್ಳುತ್ತದೆ. ಒಂದೇ ಕೊಡಕ್ಕೆ ಎರಡು ಉದ್ದದ ಹುಟ್ಟು ಹಾಕಿದ ಹಾಗೆ. ಇದಕ್ಕಿಂತ ದೊಡ್ಡದು ಸಮಯದ ಅನುಕೂಲ. ಆಗಸ್ಟ್‌ನಲ್ಲಿ ಮಳೆ ಹೋಗಿ ರಾಗಿ ಸೊರಗಿದರೂ, ಅಕ್ಟೋಬರ್‌ನ ಹಿಂಗಾರು ಮಳೆ ಬಂದರೆ ತೊಗರಿ, ಅವರೆ ಚಿಗಿತುಕೊಳ್ಳುತ್ತವೆ. ಪೂರ್ತಿ ಬರಿಗೈಯಾಗುವುದಿಲ್ಲ.

ಹಾವೇರಿ ಜಿಲ್ಲೆಯ ರೈತರ ಗುಳಿ ರಾಗಿ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. ಹೊಲಕ್ಕೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೀರು ಎಳೆಯುತ್ತಾರೆ. ಗೀರುಗಳು ಕೂಡುವ ಚೌಕದ ಮೂಲೆಯಲ್ಲೇ ಗುಳಿ. ಗುಳಿಗೆ ಹಿಡಿ ಗೊಬ್ಬರ ಹಾಕಿ ಮೂರು ವಾರದ ಸಸಿ ಊರುತ್ತಾರೆ. ಸಸಿ ಬೇರು ಹಿಡಿದ ಮೇಲೆ ಅದರ ಮೇಲೆ ಕೊರಡು ಎಳೆಸುತ್ತಾರೆ. ಎಳೆಯ ಪೈರು ನೆಲಕ್ಕೆ ಬಾಗಿ ಮಲಗುವುದನ್ನು ಕಂಡರೆ ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ಕೆಲವೇ ದಿನದಲ್ಲಿ ಅದು ಎದ್ದು ನಿಂತು ಬುಡದಿಂದ ಹತ್ತಾರು ಮರಿ ಒಡೆಯುತ್ತದೆ. ನಾಲ್ಕು ದಿಕ್ಕಿಗೂ ಎಡೆಕುಂಟೆ ಹೊಡೆಯಲು ಜಾಗ ಇರುವುದರಿಂದ ಕಳೆ ನಿಲ್ಲುವುದಿಲ್ಲ, ಮೇಲ್ಮಣ್ಣು ಪುಡಿಯಾಗಿ ಒಳಗಿನ ತೇವಕ್ಕೆ ಮುಚ್ಚಳ ಹಾಕಿದಂತಾಗುತ್ತದೆ. ಮಳೆ ತಡವಾದರೆ ಇನ್ನೊಂದು ಅನುಕೂಲವೂ ಇದೆ: ಸಸಿ ಮಡಿಯಲ್ಲಿ ನಾಲ್ಕು ಬಿಂದಿಗೆ ನೀರಿನಲ್ಲಿ ಬದುಕಿರುತ್ತದೆ, ಹೊಲದಲ್ಲಿ ಬೀಜ ಕೆಡುವ ಭಯವಿಲ್ಲ.

ಬೆಳೆ ಬದಲಿಸಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಮುಸುಕಿನ ಜೋಳ ಸೂಲಂಗಿ (ತುದಿಯ ಗಂಡು ಹೂ) ಒಡೆಯುವ ಎರಡು ವಾರ ನೀರಿಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಆದರೂ ದಾವಣಗೆರೆ, ಹಾವೇರಿಯಲ್ಲಿ ಅದನ್ನು ಬೆಳೆಯುತ್ತಾರೆ, ಏಕೆಂದರೆ ಕೋಳಿ ಆಹಾರಕ್ಕೆ ಬೇಡಿಕೆ ಇದೆ, ಕೈಗೆ ದುಡ್ಡು ಬರುತ್ತದೆ. ಚಳ್ಳಕೆರೆ, ಪಾವಗಡದ ಶೇಂಗಾದ ಕತೆಯೂ ಹೀಗೆಯೇ. ಹೂವಿನ ಬುಡದಿಂದ ಇಳಿಯುವ ಸೂಜಿಯಂಥ ಎಳೆ ಮಣ್ಣಿನೊಳಗೆ ಹೊಕ್ಕರೆ ಮಾತ್ರ ಅದರ ತುದಿಯಲ್ಲಿ ಕಾಯಿ. ಆ ವಾರ ನೆಲ ಒಣಗಿ ಕಲ್ಲಾಗಿದ್ದರೆ ಹೂವೆಲ್ಲ ವ್ಯರ್ಥ. ಇದು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಸಿರಿಧಾನ್ಯಕ್ಕೆ ಅಷ್ಟೇ ಖಚಿತವಾದ ಮಾರುಕಟ್ಟೆ ಸಿಗುವವರೆಗೆ ಶೇಂಗಾ ಬಿಡಿ ಎಂದರೆ ಯಾರೂ ಬಿಡಲಾರರು.

ಹೊಲದ ನೀರು ಹೊಲದಲ್ಲೇ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಎಂದರೆ ಎಕರೆಗೆ ಲಕ್ಷ ಲೀಟರ್. ಇದರಲ್ಲಿ ಐದನೇ ಒಂದು ಪಾಲು ಹರಿದುಹೋದರೂ 20,000 ಲೀಟರ್, ಅಂದರೆ ನಾಲ್ಕು ದೊಡ್ಡ ಟ್ಯಾಂಕರ್.

ಅದನ್ನು ನಿಲ್ಲಿಸಲು ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು ಮೊದಲ ಕೆಲಸ. ಎರೆಭೂಮಿಯಲ್ಲಿ ಇಡೀ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಕಟ್ಟಿ, ಬಿದ್ದ ನೀರು ಬಿದ್ದಲ್ಲೇ ಇಂಗುವಂತೆ ಮಾಡುತ್ತಾರೆ. ಒಣಬೇಸಾಯದ ಸಂಶೋಧನೆಗೆಂದು 1930ರ ದಶಕದಲ್ಲೇ ಬಿಜಾಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿಯಲ್ಲಿ ಕೇಂದ್ರಗಳು ಕೆಲಸ ಆರಂಭಿಸಿದ್ದವು. ಕಪ್ಪು ನೆಲ ನೀರನ್ನು ಹಿಡಿಯುತ್ತದೆ ನಿಜ, ಆದರೆ ನಿಧಾನವಾಗಿ ಕುಡಿಯುತ್ತದೆ. ಅದಕ್ಕೇ ನೀರನ್ನು ನಿಲ್ಲಿಸಿ ಕಾಯಬೇಕು.

ಕೆಂಪು ಮಣ್ಣಿನಲ್ಲಿ ಕೊಡವೇ ಚಿಕ್ಕದಾದ್ದರಿಂದ ಹೊರಗೆ ಇನ್ನೊಂದು ಕೊಡ ಇಡಬೇಕು. ಅದೇ ಕೃಷಿ ಹೊಂಡ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಇದು ಒಣಬೇಸಾಯದ ತಾಲ್ಲೂಕುಗಳಲ್ಲೆಲ್ಲ ಕಾಣಿಸಿಕೊಂಡಿತು. ಮೇಲೆ 12 ಮೀಟರ್ ಉದ್ದಗಲ, 3 ಮೀಟರ್ ಆಳ, ಇಳಿಜಾರು ಬದಿಗಳಿರುವ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ತುಂತುರು ಕೊಳವೆಯಲ್ಲಿ ಎರಡೂವರೆ ಎಕರೆಗೆ ಒಂದು ಸಲ 25 ಮಿಲಿಮೀಟರ್ ಕೊಡಲು ಸಾಕು. ಇದರಿಂದ ಹೆಚ್ಚಿಗೆ ಸಿಗುವುದು ಐದು ದಿನ ಮಾತ್ರವೇ ಎನಿಸಬಹುದು. ಆ ಐದು ದಿನ ತೆನೆ ಹೊರಡುವ ಸಮಯಕ್ಕೆ ಬಂದರೆ, ಅಷ್ಟರಲ್ಲಿ ಒಂದು ಮಳೆ ಬಿದ್ದರೆ, ಬೆಳೆ ಉಳಿಯಿತು. ಎಲೆ ಬಾಡಿದ ಮೊದಲ ದಿನವೇ ಮೋಟಾರ್ ಹಾಕದೆ ಆ ಗಳಿಗೆಗಾಗಿ ನೀರನ್ನು ಉಳಿಸಿಕೊಳ್ಳುವ ತಾಳ್ಮೆಯೇ ಕೃಷಿ ಹೊಂಡದ ಅರ್ಧ ವಿದ್ಯೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಕೆಂಪು ಮಣ್ಣಿನಲ್ಲಿ ನೀರು ಬಸಿದುಹೋಗುತ್ತದೆ. ಹಾಳೆ ಹಾಸಿದ ಬದಿ ಜಾರುತ್ತದೆ, ಮಕ್ಕಳು ಬಿದ್ದರೆ ಹತ್ತಿ ಬರಲಾರರು, ಆದ್ದರಿಂದ ಸುತ್ತ ಬೇಲಿ ಇಲ್ಲದ ಹೊಂಡ ತೋಡಿಸಲೇಬಾರದು.

ಕೊಳವೆಬಾವಿ

ಮಳೆ ಹೋದರೆ ಬೋರ್ ಹಾಕಿಸುವುದು ಕಳೆದ ಕೆಲವು ದಶಕಗಳ ಉತ್ತರ. ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆದರೂ ಧೂಳು ಬರುವುದನ್ನು ಕಂಡವರಿಗೆ ಇದರ ಮಿತಿ ಗೊತ್ತು. ನಮ್ಮ ಬಯಲುಸೀಮೆಯ ಅಡಿಯಲ್ಲಿರುವುದು ಗಟ್ಟಿ ಕಲ್ಲು. ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ಪಕ್ಕದವರು ಇನ್ನೂ ಆಳಕ್ಕೆ ಕೊರೆದರೆ ನಮ್ಮದು ಬತ್ತುತ್ತದೆ. ಕೆರೆಗಳನ್ನು ತುಂಬಿಸಿ ಅಂತರ್ಜಲ ಏರಿಸುವ ಪ್ರಯತ್ನವೂ ನಡೆದಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬಾವಿಗಳಿಗೆ ನೀರು ಮರಳಿದ್ದೂ, ಆ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಬೇಕೆಂಬ ಒತ್ತಾಯವೂ ಒಟ್ಟಿಗೆ ಇವೆ.

ಎಲ್ಲ ಮುಗಿದ ಮೇಲೆ: ವಿಮೆ

ಬೆಳೆ ಹೋದ ಮೇಲೆ ಕೈಹಿಡಿಯಬೇಕಾದದ್ದು 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ. ವಿಮಾ ಮೊತ್ತದಲ್ಲಿ ರೈತ ಕಟ್ಟುವುದು ಮುಂಗಾರಿಗೆ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5. ಮಿಕ್ಕ ಕಂತು ಸರ್ಕಾರಗಳದ್ದು.

ಗೊಂದಲ ಹುಟ್ಟುವುದು ಪರಿಹಾರದ ಲೆಕ್ಕದಲ್ಲಿ. ಬರದಿಂದಾದ ನಷ್ಟಕ್ಕೆ ಒಬ್ಬೊಬ್ಬರ ಹೊಲವನ್ನು ನೋಡುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಇತರ ಬೆಳೆಗಳಿಗೆ ಹೋಬಳಿ ಒಂದು ಘಟಕ. ಆ ಘಟಕದಲ್ಲಿ ಕೆಲವು ತಾಕುಗಳನ್ನು ಆರಿಸಿ, ಬೆಳೆ ಕೊಯ್ದು ಇಳುವರಿ ತೂಗಿ ನೋಡುವ ಕಟಾವು ಪ್ರಯೋಗ ಮಾಡುತ್ತಾರೆ. ಹಿಂದಿನ ವರ್ಷಗಳ ಇಳುವರಿಯಿಂದ ಲೆಕ್ಕ ಹಾಕಿದ ಖಾತ್ರಿ ಇಳುವರಿ ಎಕರೆಗೆ 8 ಕ್ವಿಂಟಲ್ ಎಂದಿಟ್ಟುಕೊಳ್ಳಿ. ಈ ವರ್ಷ 5 ಬಂದರೆ ಕೊರತೆ ಎಂಟರಲ್ಲಿ ಮೂರು ಪಾಲು. ವಿಮಾ ಮೊತ್ತದ ಅಷ್ಟೇ ಪಾಲು ಪರಿಹಾರ. ನಿಮ್ಮೊಬ್ಬರ ಹೊಲ ಪೂರ್ತಿ ಒಣಗಿ, ಪಂಚಾಯಿತಿಯ ಸರಾಸರಿ 8 ದಾಟಿದರೆ ಏನೂ ಬರುವುದಿಲ್ಲ. ಮಳೆಯಿಲ್ಲದೆ ಘಟಕದ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಕಾಲುಭಾಗ ಕೊಡುವ ಅವಕಾಶವೂ ಇದರಲ್ಲಿದೆ. ಕಟಾವು ಪ್ರಯೋಗ ನಡೆಯುವ ದಿನ ಊರಿನವರು ಹೊಲದಲ್ಲಿ ಹಾಜರಿದ್ದು ತೂಕ ನೋಡುವುದು ಒಳ್ಳೆಯದು.

ಬಣವೆ

ಬರಗಾಲದಲ್ಲಿ ಮನೆಗೆ ದಿನನಿತ್ಯದ ಕಾಸು ತರುವುದು ಹಸುವಿನ ಹಾಲು ಮತ್ತು ಹಿತ್ತಲಿನ ಕುರಿ. ಬೆಳೆ ಹೋದರೂ ಕುರಿ ಕರಿಜಾಲಿ ಕಾಯಿ ತಿಂದು ಬದುಕುತ್ತದೆ. ಹೆಣ್ಣುಮಕ್ಕಳ ಶಾಲೆಯ ಫೀಸಿಗೂ ಆಸ್ಪತ್ರೆಗೂ ಒಂದು ಟಗರು ಮಾರಿದರೆ ಆಯಿತು. ಆದರೆ ಹಸುವಿಗೆ ಮೇವು ಬೇಕು. ಮನೆ ಖರ್ಚಿಗೆ ಕಾಳು ಕೊಳ್ಳಬಹುದು, ಬರದ ವರ್ಷ ಮೇವು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮೇವಿಲ್ಲದೆ ಹಸುವನ್ನು ಸಂತೆಯಲ್ಲಿ ಅರೆಬೆಲೆಗೆ ಕೊಟ್ಟರೆ, ಮುಂದಿನ ವರ್ಷ ಮಳೆ ಬಂದರೂ ಆ ಮನೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ರಾಗಿ ಬೆಳೆಯುವವರು ಗಿಡ್ಡ ತಳಿಗಿಂತ ಹುಲ್ಲು ಜಾಸ್ತಿ ಬರುವ ತಳಿಯನ್ನು ಇಷ್ಟಪಡುವುದಕ್ಕೆ ಇದೂ ಕಾರಣ.

ಹಿಂದೆ ಕಾಳಿಗೆ ಹಗೇವು ಇತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಹುಳ ಬೀಳದೆ ಉಳಿಯುತ್ತಿತ್ತು. ಹಗೇವುಗಳು ಬಹುಪಾಲು ಮುಚ್ಚಿಹೋದವು, ಬಣವೆ ಉಳಿದಿದೆ. ಒಂದು ಹಸುವಿಗೆ ದಿನಕ್ಕೆ ಆರು ಕಿಲೋ ಒಣಹುಲ್ಲು, ಎರಡಕ್ಕೆ ಹನ್ನೆರಡು, ನೂರು ದಿನಕ್ಕೆ 1,200 ಕಿಲೋ. ಮಳೆಗಾಲ ಕೈಕೊಟ್ಟ ವರ್ಷದ ಸಂಕ್ರಾಂತಿಯ ಹೊತ್ತಿಗೆ, ಹುಲ್ಲು ಹಿರಿಯಲು ಹೋದ ಮನೆಯ ಹೆಂಗಸು ಕಂಕುಳಿಗೆ ಹೊರೆ ಸೇರಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಬಣವೆಯನ್ನು ಒಮ್ಮೆ ಬುಡದಿಂದ ತುದಿಯವರೆಗೆ ನೋಡುತ್ತಾಳೆ. ಮುಂದಿನ ಮಳೆಗೆ ಇನ್ನೂ ಐದು ತಿಂಗಳಿದೆ. ಇದು ಎಷ್ಟು ದಿನ ತಡೆಯುತ್ತದೆ ಎಂದು ಅಲ್ಲೇ ನಿಂತು ಎಣಿಸುತ್ತಾಳೆ.